ಬೆಂಗಳೂರಿನಲ್ಲಿ ಒಳ್ಳೆಯ ಬಿಯರ್: ಪೇಟೆಯ ಕಡೆಯಿಂದ ಒಂದು ನೋಟ

ನಗರ್ತಪೇಟೆ, ಚಿಕ್ಕಪೇಟೆ, ಕಬ್ಬನ್‌ಪೇಟೆ, ತರಗುಪೇಟೆಗಳನ್ನು ಒಳಗೊಂಡ ಬೆಂಗಳೂರಿನ ಹಳೆಯ ಪೇಟೆಗೂ, ಕ್ರಾಫ್ಟ್ ಬಿಯರ್‌ನಿಂದ ಹೆಸರಾದ ಲ್ಯಾವೆಲ್ಲೆ ರಸ್ತೆ, ಮಗ್ರಾತ್ ರಸ್ತೆಗಳಿಗೂ ನಡುವಿನ ದೂರ ಕೆಲವೇ ಕಿಲೋಮೀಟರುಗಳದು. ಆದರೆ ಪಾನೀಯಗಳ ಚರಿತ್ರೆಯಲ್ಲಿ ಈ ಎರಡು ಭಾಗಗಳು ಬಹುಕಾಲ ಎರಡು ಬೇರೆ ಊರುಗಳಾಗಿಯೇ ಉಳಿದಿದ್ದವು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳಲಾಗುವ ಪೇಟೆಯಲ್ಲಿ ನಗರ್ತರು, ಗಾಣಿಗರು, ಕುಂಬಾರರು, ನೇಕಾರರು ತಮ್ಮ ತಮ್ಮ ಕಸುಬಿನ ಹೆಸರು ಹೊತ್ತ ಬೀದಿಗಳಲ್ಲಿ ವ್ಯಾಪಾರ ಬೆಳೆಸಿದರೆ, 1809ರಲ್ಲಿ ರೂಪುಗೊಂಡ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರ ವಸತಿ, ಅಂಗಡಿ, ಕ್ಲಬ್ಬುಗಳು ಬೆಳೆದವು, ಮತ್ತು ಬಿಯರ್ ಈ ಊರಿಗೆ ಬಂದದ್ದು ಆ ಸೈನಿಕರ ಬಾಯಾರಿಕೆಯ ಕಾರಣದಿಂದ. ಪೇಟೆಯ ಮತ್ತು ಅದರ ಸುತ್ತಲಿನ ಹಳ್ಳಿಗಳ ದುಡಿಯುವ ಜನರಲ್ಲಿ ಕುಡಿಯುವವರಿಗೆ ಪರಿಚಿತವಾಗಿದ್ದುದು ಈಚಲ ಮರದ ಹೆಂಡ ಮತ್ತು ಸಾರಾಯಿ. ಕನ್ನಡ ಕಾವ್ಯದ ಅತ್ಯಂತ ಜನಪ್ರಿಯ ಕುಡುಕನಾದ, ಜಿ.ಪಿ. ರಾಜರತ್ನಂ ಅವರು ಸೃಷ್ಟಿಸಿದ ರತ್ನ ಕುಡಿಯುವುದೂ ಹೆಂಡವನ್ನೇ ಹೊರತು ಬಿಯರನ್ನಲ್ಲ.

ದಂಡಿನ ಬಿಯರ್‌ಗೆ ಸಂಬಂಧಿಸಿದಂತೆ ಎರಡು ವರ್ಷಗಳನ್ನು ನೆನಪಿಡಬೇಕು. 1885ರಲ್ಲಿ ಬೆಂಗಳೂರಿನಲ್ಲಿ ಒಂದು ಬ್ರೂವರಿ, ಅಂದರೆ ಬಿಯರ್ ತಯಾರಿಸುವ ಕಾರ್ಖಾನೆ, ಆರಂಭವಾಯಿತು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನ ಉದ್ಯಮಿ ಇದನ್ನೂ ದಕ್ಷಿಣ ಭಾರತದ ಇನ್ನು ಕೆಲವು ಸಣ್ಣ ಬ್ರೂವರಿಗಳನ್ನೂ ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಸ್ಥಾಪಿಸಿದನು. ಪೀಪಾಯಿಗಳಲ್ಲಿ ತುಂಬಿದ ಬಿಯರ್ ಎತ್ತಿನ ಗಾಡಿಗಳ ಮೇಲೆ ಸೈನಿಕರ ನೆಲೆಗಳಿಗೆ ಹೋಗುತ್ತಿದ್ದ ಕಾಲವದು. 1940ರ ದಶಕದ ಕೊನೆಗೆ ಸಂಸ್ಥೆಯ ಚುಕ್ಕಾಣಿ ವಿಠಲ್ ಮಲ್ಯ ಅವರ ಕೈಗೆ ಬಂದಿತು, ಮುಂದೆ ಕಿಂಗ್‌ಫಿಶರ್ ಬಿಯರ್ ದೇಶದ ಮನೆಮಾತಾಯಿತು, ಹಳೆಯ ಬ್ರೂವರಿ ಇದ್ದ ಜಾಗದಲ್ಲಿ ಯುಬಿ ಸಿಟಿಯ ಗೋಪುರಗಳು ಎದ್ದವು. ಪೇಟೆಯ ಪಾನೀಯಗಳ ಗತಿ ಬೇರೆಯೇ ಆಯಿತು. ಕರಾವಳಿಯ ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ ಹೆಂಡದ ಮಾರಾಟ 2004ರಲ್ಲಿ ನಿಂತಿತು, ಸಾರಾಯಿಯನ್ನು 2007ರ ಜುಲೈ 1ರಿಂದ ಸರ್ಕಾರ ನಿಷೇಧಿಸಿತು. ಸಾರಾಯಿ ನಿಷೇಧದ ಹಿಂದೆ ಹಳ್ಳಿಯ ಹೆಣ್ಣುಮಕ್ಕಳ ದೀರ್ಘ ಹೋರಾಟವಿತ್ತು ಮತ್ತು ಅದು ನ್ಯಾಯವಾದ ಹೋರಾಟವೇ ಆಗಿತ್ತು. ಆದರೆ ಹೆಂಡ ಹೋದಾಗ ಸ್ಥಳೀಯ ಮರದಿಂದ ಇಳಿಸಿ ಅಂದೇ ಕುಡಿಯುವ, ಹೆಚ್ಚು ಮತ್ತಿಲ್ಲದ ಒಂದು ತಾಜಾ ಪಾನೀಯವೂ ಅದರ ಸುತ್ತಲಿನ ತಿಳಿವಳಿಕೆಯೂ ಬಯಲುಸೀಮೆಯಿಂದ ಮರೆಯಾದವೆಂಬುದನ್ನೂ ದಾಖಲಿಸಬೇಕಾಗುತ್ತದೆ. ಬೆಂಗಳೂರಿನ ಕ್ರಾಫ್ಟ್ ಬಿಯರ್ ಕಾಣಿಸಿಕೊಂಡದ್ದು ಈ ಎರಡೂ ಬಾಗಿಲುಗಳು ಮುಚ್ಚಿದ ಕೆಲವೇ ವರ್ಷಗಳ ಬಳಿಕ.

ಕ್ರಾಫ್ಟ್ ಬಿಯರ್ ಎಂದರೆ ಸಣ್ಣ ಪ್ರಮಾಣದಲ್ಲಿ, ತಯಾರಕನ ರುಚಿ ಮತ್ತು ನಿರ್ಧಾರಕ್ಕೆ ಅನುಗುಣವಾಗಿ, ಸಾಮಾನ್ಯವಾಗಿ ದೊಡ್ಡ ಕಂಪನಿಗಳ ಹಿಡಿತದಲ್ಲಿಲ್ಲದ ಘಟಕದಲ್ಲಿ ತಯಾರಾದ ಬಿಯರ್. ಭಾರತದ ಮದ್ಯದಂಗಡಿಗಳಲ್ಲಿ ಬಾಟಲಿಯಲ್ಲಿ ಸಿಗುವ ಬಿಯರ್‌ನ ಬಹುಪಾಲು ಲಾಗರ್ ಎಂಬ ಒಂದೇ ಜಾತಿಗೆ ಸೇರಿದ್ದು. ಅದರಲ್ಲಿಯೂ ಸ್ಟ್ರಾಂಗ್ ಎಂದು ಕರೆಯುವ, ಶೇ. 5ಕ್ಕಿಂತ ಮೇಲ್ಪಟ್ಟು ಶೇ. 8ರವರೆಗೆ ಮದ್ಯಸಾರವಿರುವ ಬಗೆಗೇ ಬೇಡಿಕೆ ಹೆಚ್ಚು. ಬಾರ್ಲಿಯ ಜೊತೆಗೆ ಅಕ್ಕಿ, ಮುಸುಕಿನ ಜೋಳ ಅಥವಾ ಸಕ್ಕರೆ ಬೆರೆಸಿ, ಸೋಸಿ, ಬಾಟಲಿಗೆ ತುಂಬಿದ ಮೇಲೆ ಬಿಸಿ ಮಾಡಿ ಸೂಕ್ಷ್ಮಜೀವಿಗಳನ್ನು ಕೊಂದು, ತಿಂಗಳುಗಟ್ಟಲೆ ಗೋದಾಮಿನಲ್ಲಿದ್ದರೂ ಕೆಡದಂತೆ ಮಾಡುವುದು ಕಾರ್ಖಾನೆಯ ಗುರಿ. ಎಲ್ಲ ಊರುಗಳಲ್ಲಿಯೂ ಎಲ್ಲ ಕಾಲದಲ್ಲಿಯೂ ಒಂದೇ ರುಚಿ ಬರುವಂತೆ ಮಾಡುವ ಈ ಕೌಶಲ ಸಾಮಾನ್ಯವಾದುದಲ್ಲ. ಆದರೆ ಆ ಒಂದೇ ರುಚಿಯ ಆಚೆಗೆ ಬಿಯರ್‌ಗೆ ನೂರಾರು ಮುಖಗಳಿವೆ ಎಂಬುದನ್ನು 1980ರ ದಶಕದ ಕೊನೆಯಿಂದ ಪಬ್ ನಗರಿ ಎಂದು ಕರೆಸಿಕೊಂಡ ಬೆಂಗಳೂರು ಕೂಡ ತಿಳಿದದ್ದು ಈ ಶತಮಾನದ ಎರಡನೆಯ ದಶಕದಲ್ಲಿ. ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಗಳ ಹಳೆಯ ಪಬ್ಬುಗಳಲ್ಲಿ ನಲ್ಲಿಯಿಂದ ಮಗ್ಗಿಗೆ ಸುರಿಯುತ್ತಿದ್ದ ಡ್ರಾಟ್ ಬಿಯರ್ ಸಹ ಕಾರ್ಖಾನೆಯಿಂದಲೇ ಬಂದದ್ದು.

ಪುಣೆಯಲ್ಲಿ 2009ರಲ್ಲಿ ಡೂಲಾಲಿ ಎಂಬ ಮೈಕ್ರೊಬ್ರೂವರಿ ಆರಂಭವಾದ ಬೆನ್ನಿಗೆ, ಬೆಂಗಳೂರಿನಲ್ಲಿ 2010ರ ಕೊನೆಗೆ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಟಾಯ್ಟ್, 2011ರಲ್ಲಿ ಲ್ಯಾವೆಲ್ಲೆ ರಸ್ತೆಯ ದಿ ಬಿಯೆರ್ ಕ್ಲಬ್, 2012ರಲ್ಲಿ ಮಗ್ರಾತ್ ರಸ್ತೆಯ ಆರ್ಬರ್ ಮತ್ತು ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಬಾಗಿಲು ತೆರೆದವು. ಆರ್ಬರ್‌ಗೆ ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನ ಬ್ರೂವರಿಯೊಂದರ ನಂಟಿದ್ದರೆ, ವಿಂಡ್‌ಮಿಲ್ಸ್ ಪುಸ್ತಕಗಳ ಕಪಾಟು ಮತ್ತು ಜಾಝ್ ಸಂಗೀತದ ವೇದಿಕೆಯ ಜೊತೆಗೆ ಬಿಯರನ್ನು ಇಟ್ಟಿತು. ಇಂದು ನಗರದ ಮೈಕ್ರೊಬ್ರೂವರಿಗಳ ಸಂಖ್ಯೆ 60ನ್ನು ದಾಟಿದ್ದು, ದಕ್ಷಿಣದ ಜೆ.ಪಿ. ನಗರದವರೆಗೂ ಅವು ಹಬ್ಬಿವೆ. ಮೈಕ್ರೊಬ್ರೂವರಿ ಎಂದರೆ ಊಟದ ಕೋಣೆಯ ಪಕ್ಕದಲ್ಲಿಯೇ ಸ್ಟೀಲ್ ಟ್ಯಾಂಕುಗಳನ್ನಿಟ್ಟು ಅಲ್ಲಿಯೇ ಬಿಯರ್ ತಯಾರಿಸಿ, ಅಲ್ಲಿಗೆ ಬಂದವರಿಗೆ ಕೊಡುವ ಸಣ್ಣ ಘಟಕ. ಕರ್ನಾಟಕದ ಅಬಕಾರಿ ನಿಯಮಗಳ ಪ್ರಕಾರ ಇಂಥ ಘಟಕ ತನ್ನ ಬಿಯರನ್ನು ಬಾಟಲಿಗೆ ತುಂಬಿ ಮದ್ಯದಂಗಡಿಗಳಿಗೆ ಕಳಿಸುವಂತಿಲ್ಲ; 2020ರ ಲಾಕ್‌ಡೌನ್ ಕಾಲದಲ್ಲಿ, ಟ್ಯಾಂಕಿನಲ್ಲಿದ್ದ ಬಿಯರ್ ಚರಂಡಿಯ ಪಾಲಾಗುವ ಸ್ಥಿತಿ ಬಂದಾಗ, ಗ್ರಾಹಕರು ಸೀಮಿತ ಪ್ರಮಾಣದಲ್ಲಿ ಮನೆಗೆ ಒಯ್ಯಲು ಸರ್ಕಾರ ಅವಕಾಶ ಕೊಟ್ಟದ್ದುಂಟು. ಈ ನಿರ್ಬಂಧದ ಪರಿಣಾಮ ಸಣ್ಣದಲ್ಲ. ಮಗ್ರಾತ್ ರಸ್ತೆಯ ಆರ್ಬರ್ ತನ್ನ ಬಿಯರನ್ನು ಕ್ಯಾನಿನಲ್ಲಿ ಮಾರಬೇಕೆಂದಾಗ ಅದಕ್ಕಾಗಿ ಗೋವಾದಲ್ಲಿ ಬೇರೆ ಬ್ರೂವರಿ ಸ್ಥಾಪಿಸಿತು. ಹಳೆ ಮದ್ರಾಸ್ ರಸ್ತೆಯಲ್ಲಿ ದೊಡ್ಡ ಘಟಕವನ್ನೇ ಕಟ್ಟಿಕೊಂಡ ಗೈಸ್ಟ್‌ನಂಥ ಸಂಸ್ಥೆ ಕೆಗ್ ಎನ್ನುವ ಸ್ಟೀಲ್ ಪೀಪಾಯಿಗಳಲ್ಲಿ ನಗರದ ಇತರ ಹೋಟೆಲು, ಪಬ್ಬುಗಳಿಗೂ ಪೂರೈಸುತ್ತದೆ. ಹೀಗಾಗಿ ಕ್ರಾಫ್ಟ್ ಬಿಯರ್ ಬೇಕೆನ್ನುವವನು ಬಹುಮಟ್ಟಿಗೆ ಅದನ್ನು ಮಾಡುವ ಜಾಗಕ್ಕೇ ಹೋಗಬೇಕು.

ಆಗ್ನೇಯ ಏಷ್ಯಾದ ನಗರಗಳ ಜೊತೆ ಹೋಲಿಸಿದಾಗ ಈ ನಿಯಮಗಳ ಒಳಿತು ಕೆಡುಕು ಎರಡೂ ಸ್ಪಷ್ಟವಾಗುತ್ತವೆ. ಥಾಯ್ಲೆಂಡಿನಲ್ಲಿ 2022ರ ನವೆಂಬರಿನಲ್ಲಿ ನಿಯಮ ಸಡಿಲಗೊಳ್ಳುವ ತನಕ, ತಯಾರಿಸಿದಲ್ಲೇ ಮಾರುವ ಘಟಕ ಕೂಡ ವರ್ಷಕ್ಕೆ ಕನಿಷ್ಠ 1 ಲಕ್ಷ ಲೀಟರ್ ತಯಾರಿಸಬೇಕು ಮತ್ತು 1 ಕೋಟಿ ಬಾತ್ ಬಂಡವಾಳ ತೋರಿಸಬೇಕು ಎಂಬ ಷರತ್ತಿತ್ತು. ಬಾಟಲಿಯಲ್ಲಿ ಮಾರುವುದಾದರೆ ವರ್ಷಕ್ಕೆ 1 ಕೋಟಿ ಲೀಟರ್ ಬೇಕಿತ್ತು. ಆದ್ದರಿಂದ ಬ್ಯಾಂಕಾಕಿನ ಸಣ್ಣ ತಯಾರಕರು ತಮ್ಮ ಬಿಯರನ್ನು ಕಾಂಬೋಡಿಯಾ, ವಿಯೆಟ್ನಾಂಗಳಂಥ ಹೊರದೇಶಗಳಲ್ಲಿ ತಯಾರಿಸಿ, ಆಮದು ಸುಂಕ ಕಟ್ಟಿ ತಮ್ಮದೇ ಊರಿಗೆ ತರಿಸಿಕೊಳ್ಳುತ್ತಿದ್ದರು. ವಿಯೆಟ್ನಾಮಿನ ಸ್ಥಿತಿ ಇದಕ್ಕೆ ವಿರುದ್ಧವಾದುದು. ಹನೋಯ್ ನಗರದ ಬೀದಿ ಬದಿಯ ಬಿಯಾ ಹೊಯ್ ಎಂಬ ತೆಳುವಾದ ಬಿಯರ್ ಪ್ರತಿದಿನ ಪೀಪಾಯಿಯಲ್ಲಿ ಬಂದು ಅಂದೇ ಖಾಲಿಯಾಗುತ್ತದೆ. ಹೋ ಚಿ ಮಿನ್ ನಗರದಲ್ಲಿ 2010ರ ದಶಕದ ನಡುವೆ ಆರಂಭವಾದ ಪಾಶ್ಚರ್ ಸ್ಟ್ರೀಟ್ ಬ್ರೂವರಿ ಮಲ್ಲಿಗೆ ಹೂವಿನ ಪರಿಮಳದ ಬಿಯರಿನಿಂದ ಹೊರನಾಡುಗಳಲ್ಲೂ ಹೆಸರು ಮಾಡಿತು. ಬೆಂಗಳೂರು ಈ ಎರಡರ ನಡುವೆ ನಿಲ್ಲುತ್ತದೆ. ಸಣ್ಣ ಪ್ರಮಾಣದ ತಯಾರಿಕೆಗೆ ಇಲ್ಲಿ ಕಾನೂನಿನ ಒಪ್ಪಿಗೆ ಇದೆ, ಅದರಿಂದ ತಾಜಾತನಕ್ಕೆ ಅವಕಾಶವಿದೆ. ಆದರೆ ಅದನ್ನು ಗೋಡೆಯ ಆಚೆಗೆ ಕೊಂಡೊಯ್ಯುವಂತಿಲ್ಲವಾದುದರಿಂದ ದೊಡ್ಡ ಊಟದ ಕೋಣೆ, ದೊಡ್ಡ ಅಡುಗೆಮನೆ, ದೊಡ್ಡ ಬಾಡಿಗೆ ಇಲ್ಲದೆ ಯಾರೂ ಬಿಯರ್ ತಯಾರಕರಾಗಲು ಸಾಧ್ಯವಿಲ್ಲ.

ಪೇಟೆಯ ಒಳಗೆ ಮೈಕ್ರೊಬ್ರೂವರಿ ಕಾಣದಿರುವುದಕ್ಕೆ ಕಾರಣವೂ ಇಲ್ಲಿಯೇ ಇದೆ. ಟ್ಯಾಂಕು, ಕುದಿಸುವ ಹಂಡೆ, ತಂಪು ಕೋಣೆ, ಬಳಸಿದ ನೀರನ್ನು ಶುದ್ಧೀಕರಿಸುವ ವ್ಯವಸ್ಥೆ, ನೂರಾರು ಜನ ಕೂರುವ ಜಾಗ, ವಾಹನ ನಿಲುಗಡೆ ಇವೆಲ್ಲಕ್ಕೂ ಸಾವಿರಾರು ಚದರಡಿ ಬೇಕು. ಕೈಗಾಡಿಗಳೂ ಹೊರೆಯಾಳುಗಳೂ ಉಸಿರು ಬಿಗಿಹಿಡಿದು ಸಾಗುವ ನಗರ್ತಪೇಟೆಯ ಗಲ್ಲಿಗಳಲ್ಲಿ ಅಷ್ಟು ಜಾಗ ಜವಳಿ ಮಳಿಗೆಗಳಿಗೇ ಸಿಗುವುದಿಲ್ಲ. ಅದರ ಮೇಲೆ, ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದ ಪರವಾನಗಿ ಕೊಡಬಾರದೆಂಬ ನಿಯಮವಿದ್ದು, ನಗರೇಶ್ವರ, ಕಾಳಿಕಾಂಬ ದೇವಾಲಯಗಳೂ, ಕರಗ ಹೊರಡುವ ತಿಗಳರಪೇಟೆಯ ಧರ್ಮರಾಯ ಸ್ವಾಮಿ ಗುಡಿಯೂ ಇರುವ ಈ ಪ್ರದೇಶದಲ್ಲಿ ಆ ಅಳತೆಯ ಹೊರಗಿನ ಜಾಗ ಹುಡುಕುವುದೇ ಕಷ್ಟ. ಇದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಪೇಟೆಯ ಬೀದಿಗಳು ಇರುವುದು ಬೇರೆ ಕೆಲಸಕ್ಕೆ.

ಒಳ್ಳೆಯ ಬಿಯರನ್ನು ಗುರುತಿಸಬೇಕಾದರೆ ಅದರ ತಯಾರಿಕೆಯ ಕ್ರಮವನ್ನು ಸ್ವಲ್ಪವಾದರೂ ತಿಳಿದಿರಬೇಕು, ಮತ್ತು ಈ ತಿಳಿವಳಿಕೆ ಕನ್ನಡದ ಮನೆಗಳಿಗೆ ಪೂರ್ತಿ ಅಪರಿಚಿತವಾದುದಲ್ಲ. ಹಸುಗೂಸಿಗೆ ರಾಗಿ ಸರಿ ಮಾಡುವಾಗ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸುವಂತೆಯೇ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ದೊರೆಯುವುದು ಮಾಲ್ಟ್. ಮೊಳಕೆಯೊಡೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವಗಳು ಸಿದ್ಧವಾಗುತ್ತವೆ; ಒಡೆದ ಮಾಲ್ಟನ್ನು 62ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ತಾಸಿನಷ್ಟು ಇಟ್ಟಾಗ ಆ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಬಿಸಿ ಆ ವ್ಯಾಪ್ತಿಯ ಕೆಳಗಿನ ತುದಿಯಲ್ಲಿದ್ದರೆ ಹುದುಗುವ ಸಕ್ಕರೆ ಹೆಚ್ಚಾಗಿ ಬಿಯರ್ ತೆಳುವಾಗುತ್ತದೆ, ಮೇಲಿನ ತುದಿಯಲ್ಲಿದ್ದರೆ ಹುದುಗದ ಸಕ್ಕರೆ ಉಳಿದು ಬಾಯಿ ತುಂಬುವ ಮಂದತೆ ಬರುತ್ತದೆ. ಐದಾರು ಡಿಗ್ರಿಗಳ ಈ ಅಂತರದಲ್ಲಿಯೇ ತಯಾರಕನ ಮೊದಲ ನಿರ್ಧಾರ ಅಡಗಿದೆ. ಸೋಸಿದ ಸಿಹಿನೀರನ್ನು, ಇದಕ್ಕೆ ವರ್ಟ್ ಎಂದು ಹೆಸರು, ಒಂದರಿಂದ ಒಂದೂವರೆ ತಾಸು ಕುದಿಸುವಾಗ ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಹಾಕಲಾಗುತ್ತದೆ. ಮೊದಲೇ ಹಾಕಿದ ಹಾಪ್ಸ್ ಕಹಿಯನ್ನೂ, ಕೊನೆಗೆ ಹಾಕಿದ ಹಾಪ್ಸ್ ಪರಿಮಳವನ್ನೂ ಕೊಡುತ್ತದೆ. ದೀರ್ಘ ಹಗಲಿನ ಬೇಸಿಗೆ ಬೇಕೆನ್ನುವ ಈ ಬಳ್ಳಿ ಕರ್ನಾಟಕದ ಹವೆಗೆ ಒಗ್ಗುವುದಿಲ್ಲ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸ್ವಲ್ಪಮಟ್ಟಿಗೆ ಬೆಳೆಯುತ್ತದಾದರೂ ಬೆಂಗಳೂರಿನ ತಯಾರಕರು ಬಳಸುವುದರ ಬಹುಪಾಲು ಜರ್ಮನಿ ಮತ್ತು ಅಮೆರಿಕಗಳಿಂದ ಬರುತ್ತದೆ.

ಆಮೇಲಿನದು ಯೀಸ್ಟಿನ ಕೆಲಸ. ಏಲ್ ಜಾತಿಯ ಬಿಯರುಗಳ ಯೀಸ್ಟ್ 18ರಿಂದ 22 ಡಿಗ್ರಿಯಲ್ಲಿ ಚುರುಕಾಗಿ ಕೆಲಸ ಮಾಡಿ ಎರಡು ಮೂರು ವಾರಗಳಲ್ಲಿ ಬಿಯರನ್ನು ಸಿದ್ಧಗೊಳಿಸುತ್ತದೆ. ಲಾಗರ್ ಯೀಸ್ಟ್ 8ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ದುಡಿದು, ಅನಂತರವೂ ತಣ್ಣನೆಯ ಟ್ಯಾಂಕಿನಲ್ಲಿ ಹಲವು ವಾರ ಪಕ್ವವಾಗಬೇಕೆನ್ನುತ್ತದೆ. ಟ್ಯಾಂಕುಗಳ ಸಂಖ್ಯೆ ಸೀಮಿತವಾದ ಮೈಕ್ರೊಬ್ರೂವರಿಯಲ್ಲಿ ಒಂದು ಲಾಗರ್ ಹಿಡಿದಿಡುವ ಟ್ಯಾಂಕಿನಲ್ಲಿ ಅಷ್ಟೇ ಕಾಲಕ್ಕೆ ಎರಡು ಏಲ್ ತಯಾರಾಗುತ್ತವೆ. ಬೆಂಗಳೂರಿನ ಬ್ರೂವರಿಗಳ ಬೋರ್ಡುಗಳಲ್ಲಿ ಏಲ್ ಮತ್ತು ಗೋಧಿ ಬಿಯರುಗಳೇ ಹೆಚ್ಚಾಗಿ ಕಾಣುವುದಕ್ಕೆ ಜನರ ರುಚಿಯಷ್ಟೇ ಈ ಲೆಕ್ಕವೂ ಕಾರಣ. ಕೇಳುವವರು ಕಡಿಮೆಯಿರುವಲ್ಲಿಯೂ ತಾಳ್ಮೆಯಿಂದ ಒಳ್ಳೆಯ ಲಾಗರ್ ಮಾಡುವ ಬ್ರೂವರಿಯನ್ನು ಗೌರವದಿಂದ ನೋಡಬೇಕು, ಏಕೆಂದರೆ ಅದು ಲಾಭದ ಒಂದು ಭಾಗವನ್ನು ಬಿಟ್ಟುಕೊಟ್ಟು ಆ ಕೆಲಸ ಮಾಡುತ್ತಿರುತ್ತದೆ.

ಬಿಯರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನೀರೇ ಇರುವುದರಿಂದ ನೀರಿನ ವಿಷಯವನ್ನು ಬಿಡುವಂತಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಬರುವ ತನಕ ಪೇಟೆ ಬದುಕಿದ್ದು ಬಾವಿ, ಕಲ್ಯಾಣಿ, ಧರ್ಮಾಂಬುಧಿ ಮತ್ತು ಸಂಪಂಗಿ ಕೆರೆಗಳ ಮೇಲೆ. ಈಗ ನಗರ ಕುಡಿಯುವ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಯಣಿಸಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ಕೊಳವೆಬಾವಿಯ ಗಡಸು ನೀರು, ಟ್ಯಾಂಕರ್ ನೀರು, ಕಾವೇರಿ ನೀರು ಹೀಗೆ ಮೂಲ ಬದಲಾದಂತೆ ಲವಣಗಳೂ ಬದಲಾಗುವುದರಿಂದ ಇಲ್ಲಿನ ತಯಾರಕರು ನೀರನ್ನು ಆರ್‌ಒ ಯಂತ್ರದಲ್ಲಿ ಹಾಯಿಸಿ, ಅನಂತರ ಜಿಪ್ಸಂ, ಕ್ಯಾಲ್ಸಿಯಂ ಕ್ಲೋರೈಡ್‌ಗಳನ್ನು ಅಳತೆಯಾಗಿ ಸೇರಿಸಿಕೊಳ್ಳುತ್ತಾರೆ. ಜಿಪ್ಸಂ ಹಾಪ್ಸಿನ ಕಹಿಯನ್ನು ಚೂಪುಗೊಳಿಸುತ್ತದೆ, ಕ್ಲೋರೈಡ್ ಮಾಲ್ಟಿನ ಮೆದುತನವನ್ನು ಎತ್ತಿಹಿಡಿಯುತ್ತದೆ. ನೀರಿನ ಬಗ್ಗೆ ಕೇಳಿದಾಗ ಸರಿಯಾದ ಉತ್ತರ ಕೊಡಬಲ್ಲ ಬ್ರೂವರಿಯ ಬಿಯರ್ ಸಾಮಾನ್ಯವಾಗಿ ಕೆಟ್ಟದ್ದಾಗಿರುವುದಿಲ್ಲ.

ಹೊಸದಾಗಿ ಮೈಕ್ರೊಬ್ರೂವರಿಗೆ ಹೋದವರು ಬೋರ್ಡಿನ ಮೇಲಿನ ಹೆಸರುಗಳನ್ನು ಕಂಡು ಗಲಿಬಿಲಿಗೊಳ್ಳುವುದು ಸಹಜ. ಹೆಫೆವೈಜನ್ ಎಂಬುದು ದಕ್ಷಿಣ ಜರ್ಮನಿಯ ಗೋಧಿ ಬಿಯರ್. ಮಬ್ಬಾಗಿರುವುದು ಅದರ ಗುಣ, ಬಾಳೆಹಣ್ಣು ಮತ್ತು ಲವಂಗದ ವಾಸನೆ ಅದರ ಯೀಸ್ಟಿನಿಂದಲೇ ಹುಟ್ಟುವಂಥದ್ದು, ಹೊರಗಿನಿಂದ ಬೆರೆಸಿದ್ದಲ್ಲ. ಬೆಲ್ಜಿಯಮ್ಮಿನ ವಿಟ್ ಎಂಬ ಗೋಧಿ ಬಿಯರಿಗೆ ಮಾತ್ರ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನಿಜಕ್ಕೂ ಹಾಕುತ್ತಾರೆ. ಐಪಿಎ ಎಂದು ಎಲ್ಲೆಡೆ ಕರೆಯುವ ಇಂಡಿಯಾ ಪೇಲ್ ಏಲ್ ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ, ಹಾಪ್ಸ್ ಹೆಚ್ಚಿದ್ದ ಬಿಯರುಗಳ ವಂಶದ್ದು, ಆದ್ದರಿಂದ ಕಹಿ ಅದರ ಸ್ವಭಾವ. ಸ್ಟೌಟ್ ಹುರಿದ ಬಾರ್ಲಿಯಿಂದ ಕಪ್ಪಾದ, ಕಾಫಿಯ ನೆನಪು ತರುವ ಬಿಯರ್; ಬಣ್ಣ ಕಂಡು ಅದನ್ನು ತೀರಾ ಮತ್ತಿನದೆಂದು ತಿಳಿಯುವುದು ತಪ್ಪು, ಶೇ. 5ಕ್ಕಿಂತ ಕಡಿಮೆ ಮದ್ಯಸಾರವಿರುವ ಸ್ಟೌಟುಗಳೂ ಸಾಕಷ್ಟಿವೆ.

ಈ ನಗರದಲ್ಲಿ ಒಳ್ಳೆಯ ಕ್ರಾಫ್ಟ್ ಬಿಯರ್ ಖಂಡಿತ ಸಿಗುತ್ತದೆ, ಆದರೆ ಅದು ಒಂದು ವಿಳಾಸದಲ್ಲಿ ಸದಾ ಸಿಗುವ ವಸ್ತುವಲ್ಲ. ಹೆಸರಾಂತ ಬ್ರೂವರಿಯಲ್ಲಿಯೂ ಒಂದು ಸಲ ತಯಾರಾದ ಟ್ಯಾಂಕು ಇನ್ನೊಂದರಂತಿರುವುದಿಲ್ಲ. ಅನುಭವಿ ತಯಾರಕನೊಬ್ಬ ಕೆಲಸ ಬಿಟ್ಟು ಹೋದಾಗ ಅದೇ ಹೆಸರಿನ ಬಿಯರ್ ಬೇರೆಯಾಗಬಹುದು. ಆದುದರಿಂದ ಹೆಸರುಗಳ ಪಟ್ಟಿಗಿಂತ ಪರೀಕ್ಷಿಸುವ ಕ್ರಮವೇ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಎಲ್ಲಕ್ಕಿಂತ ಮೊದಲು ಬೋರ್ಡಿನಲ್ಲಿರುವ ಅತ್ಯಂತ ಸರಳವಾದ ಬಿಯರನ್ನು, ಅಂದರೆ ಲಾಗರ್, ಬ್ಲಾಂಡ್ ಅಥವಾ ಜರ್ಮನಿಯ ಕಲೋನ್ ನಗರದ ಶೈಲಿಯ ಕ್ಯೋಲ್ಷ್ ಇದ್ದರೆ ಅದನ್ನು, ರುಚಿ ನೋಡಬೇಕು. ಮಾವು, ಚಾಕೊಲೇಟು, ಮಸಾಲೆಗಳಿರುವ ಬಿಯರಿನಲ್ಲಿ ದೋಷಗಳು ಆ ಪರಿಮಳದ ಹಿಂದೆ ಅಡಗಿಕೊಳ್ಳುತ್ತವೆ; ತಿಳಿಯಾದ ಬಿಯರಿನಲ್ಲಿ ಅಡಗಲು ಜಾಗವೇ ಇರುವುದಿಲ್ಲ. ಬೆಂಗಳೂರಿನ ಬಹುತೇಕ ಬ್ರೂವರಿಗಳು ದೊಡ್ಡ ಗ್ಲಾಸು ತರಿಸುವ ಮೊದಲು ಸಣ್ಣ ಗ್ಲಾಸಿನಲ್ಲಿ ಸ್ಯಾಂಪಲ್ ಕೊಡುತ್ತವೆ, ಅದನ್ನು ಕೇಳಲು ಸಂಕೋಚಪಡಬೇಕಾದ್ದಿಲ್ಲ.

ಸ್ಯಾಂಪಲನ್ನು ಬಾಯಿಗಿಡುವ ಮೊದಲು ಮೂಗಿನ ಹತ್ತಿರ ಹಿಡಿದರೆ ಅರ್ಧ ವಿಷಯ ತಿಳಿಯುತ್ತದೆ. ಬೆಣ್ಣೆಯ ಅಥವಾ ಸಿನಿಮಾ ಮಂದಿರದ ಪಾಪ್‌ಕಾರ್ನಿನ ವಾಸನೆ ಬಂದರೆ ಅದು ಡೈಅಸಿಟೈಲ್ ಎಂಬ ರಾಸಾಯನಿಕ. ಯೀಸ್ಟು ತಾನೇ ಬಿಡುಗಡೆ ಮಾಡಿ ತಾನೇ ಹೀರಿಕೊಳ್ಳಬೇಕಾದ ಈ ವಸ್ತು ಗ್ಲಾಸಿನಲ್ಲಿ ಉಳಿದಿದ್ದರೆ ಟ್ಯಾಂಕನ್ನು ಅವಸರದಲ್ಲಿ ಖಾಲಿ ಮಾಡಿದ್ದಾರೆ ಅಥವಾ ನಳಿಕೆಗಳನ್ನು ತೊಳೆದಿಲ್ಲ ಎಂದು ಅರ್ಥ. ಕಾಯಿ ಸೇಬಿನ ವಾಸನೆ ಅಸಿಟಾಲ್ಡಿಹೈಡಿನದು, ಅದೂ ಬಿಯರ್ ಎಳಸಾಗಿದೆ ಎಂಬುದರ ಗುರುತು. ಬೇಯಿಸಿದ ಮುಸುಕಿನ ಜೋಳದ ವಾಸನೆ ಕುದಿ ಸಾಲದೆ ಬಂದದ್ದು. ಒದ್ದೆ ರಟ್ಟಿನ ವಾಸನೆ ಬಿಯರಿಗೆ ಗಾಳಿ ತಗುಲಿ ಹಳತಾದುದರಿಂದ ಬಂದದ್ದು, ಇದಕ್ಕೆ ಪರಿಹಾರವೇ ಇಲ್ಲ. ಹುಳಿ ಮಾಡುವುದೇ ಉದ್ದೇಶವಾದ ಕೆಲವು ಶೈಲಿಗಳಿವೆಯಾದರೂ, ಹಾಗೆಂದು ಬೋರ್ಡಿನಲ್ಲಿ ಬರೆಯದ ಬಿಯರಿನಲ್ಲಿ ವಿನಿಗರಿನ ಹುಳಿ ಬಂದರೆ ಸೋಂಕಾಗಿದೆ ಎಂದೇ ತಿಳಿಯಬೇಕು. ಇವು ಯಾವುವೂ ಆರೋಗ್ಯಕ್ಕೆ ದೊಡ್ಡ ಅಪಾಯ ತರುವ ದೋಷಗಳಲ್ಲ, ಆದರೆ ನೂರಾರು ರೂಪಾಯಿ ತೆತ್ತ ಗ್ರಾಹಕ ಅವನ್ನು ಸುಮ್ಮನೆ ನುಂಗಿಕೊಳ್ಳಬೇಕಾಗಿಯೂ ಇಲ್ಲ.

ಗ್ಲಾಸು ಸ್ವಚ್ಛವಾಗಿದ್ದರೆ ಬಿಯರ್ ಇಳಿದಂತೆಲ್ಲ ನೊರೆ ಒಳಗೋಡೆಯ ಮೇಲೆ ಬಳೆ ಬಳೆಯಾಗಿ ಉಳಿಯುತ್ತದೆ. ಜಿಡ್ಡಿದ್ದರೆ ನೊರೆ ಬೇಗ ಸತ್ತು ಗೋಡೆಗೆ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅತಿಯಾಗಿ ತಣ್ಣಗಾದ ಬಿಯರಿನಲ್ಲಿ ನಾಲಿಗೆಗೆ ಏನೂ ತಿಳಿಯದು. ಲಾಗರಿಗೆ 4ರಿಂದ 7 ಡಿಗ್ರಿ ಸೂಕ್ತವಾದರೆ, ಸ್ಟೌಟು 10 ಡಿಗ್ರಿಯ ಹತ್ತಿರ ಬಂದಾಗ ಮಾತ್ರ ತನ್ನ ಪೂರ್ತಿ ರುಚಿ ಬಿಟ್ಟುಕೊಡುತ್ತದೆ. ಬರ್ಫು ಹತ್ತಿದ ಮಗ್ಗಿನಲ್ಲಿ ಕೊಡುವ ಪದ್ಧತಿ ನೋಡಲು ಚೆನ್ನಾಗಿದ್ದರೂ ಒಳ್ಳೆಯ ಬಿಯರಿಗೆ ಅದು ಅನ್ಯಾಯ. ಬೋರ್ಡಿನಲ್ಲಿ ಆರು ಹೆಸರಿದ್ದು ಎರಡರ ಮುಂದೆ ಖಾಲಿ ಎಂದು ಬರೆದಿದ್ದರೆ ಬೇಸರಪಡದೆ ಸಂತೋಷಪಡಬೇಕು, ಏಕೆಂದರೆ ಅಲ್ಲಿ ಬಿಯರ್ ಹಳತಾಗುವ ಮುನ್ನ ಮುಗಿಯುತ್ತಿದೆ. ಗೋಧಿ ಬಿಯರ್ ಮತ್ತು ಐಪಿಎಗಳಿಗೆ ತಾಜಾತನವೇ ಜೀವ. ಹೊಸದಾಗಿ ಟ್ಯಾಪಿಗೆ ಬಂದ ಐಪಿಎಯ ಪರಿಮಳ ಎರಡು ತಿಂಗಳ ಹಳೆಯದರಲ್ಲಿ ಹುಡುಕಿದರೂ ಸಿಗದು.

ಇನ್ನು ಈ ಲೇಖನದ ಮುಖ್ಯ ಅಸಮಾಧಾನದ ವಿಷಯ. ಬೆಂಗಳೂರಿನ ಬಿಯರ್ ಬೆಂಗಳೂರಿನಲ್ಲಿ ತಯಾರಾಗುತ್ತದೆ ಎಂಬುದನ್ನು ಬಿಟ್ಟರೆ ಈ ನೆಲದ್ದೆನ್ನಲು ಅದರಲ್ಲಿ ಇರುವುದು ಬಹಳ ಕಡಿಮೆ. ಚಿಕ್ಕಮಗಳೂರು, ಕೊಡಗಿನ ಕಾಫಿ ಹಾಕಿದ ಸ್ಟೌಟು, ಬೇಸಿಗೆಯ ಮಾವಿನ ಬಿಯರ್, ಟಾಯ್ಟ್‌ನ ಬಾಸ್ಮತಿ ಬ್ಲಾಂಡಿನಂತೆ ಅಕ್ಕಿ ಬಳಸಿದ ಪ್ರಯೋಗಗಳು ಸ್ವಾಗತಾರ್ಹವಾದವು. ಆದರೆ ಭಾರತದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯುವ ರಾಜ್ಯದ ರಾಜಧಾನಿಯಲ್ಲಿ, ರಾಗಿಪೇಟೆ ಎಂಬ ಬೀದಿಯೇ ಇದ್ದ ಊರಿನಲ್ಲಿ, ರಾಗಿ ಬಿಯರ್ ಆಗೊಮ್ಮೆ ಈಗೊಮ್ಮೆ ಕಾಣಿಸುವ ವಿಶೇಷವಾಗಿಯೇ ಉಳಿದಿದೆ. ರಾಗಿಯಿಂದ ಬಿಯರ್ ಆಗುವುದಿಲ್ಲವೆಂದೇನೂ ಇಲ್ಲ. ಪೂರ್ವ ಆಫ್ರಿಕಾದ ಉಗಾಂಡದಲ್ಲಿ, ರಾಗಿ ಮೂಲತಃ ಪಳಗಿದ ಸೀಮೆಯಲ್ಲಿ, ತೇಸೊ ಜನರು ಅಜೊನ್ ಎಂಬ ರಾಗಿ ಬಿಯರನ್ನು ಉದ್ದ ಕೊಳವೆಗಳಿಂದ ಒಂದೇ ಮಡಕೆಯ ಸುತ್ತ ಕೂತು ಹೀರುತ್ತಾರೆ. ಸಿಕ್ಕಿಂ ಮತ್ತು ನೇಪಾಳಗಳಲ್ಲಿ ಹುದುಗಿದ ರಾಗಿಯ ಮೇಲೆ ಬಿಸಿನೀರು ಸುರಿದು ಕುಡಿಯುವ ತೊಂಗ್ಬಾ ಚಳಿಗಾಲದ ಆಸರೆ. ಕೌಟಿಲ್ಯನ ಅರ್ಥಶಾಸ್ತ್ರ ಕೂಡ ಅಕ್ಕಿ ಮತ್ತು ಕಿಣ್ವ ಎಂಬ ಹುದುಗಿನಿಂದ ಮಾಡುವ ಮೇದಕ ಎಂಬ ಪಾನೀಯದ ಅಳತೆಗಳನ್ನು ಕೊಡುತ್ತದೆ. ಅಂದರೆ ಧಾನ್ಯವನ್ನು ಹುದುಗಿಸಿ ಕುಡಿಯುವುದು ದಂಡಿನ ಸೈನಿಕರು ಈ ನಾಡಿಗೆ ಕಲಿಸಿದ ವಿದ್ಯೆಯೇನಲ್ಲ.

ತಾಂತ್ರಿಕ ತೊಡಕುಗಳು ನಿಜ. ಬಾರ್ಲಿಯ ಹೊಟ್ಟು ಸೋಸುವಾಗ ತಾನೇ ಜರಡಿಯಾಗುತ್ತದೆ, ರಾಗಿಗೆ ಅಂಥ ಹೊಟ್ಟಿಲ್ಲದೆ ಹಂಡೆಯಲ್ಲಿ ಅಂಬಲಿಯಂತೆ ಗಟ್ಟಿಯಾಗಿ ನಳಿಕೆ ಕಟ್ಟಿಕೊಳ್ಳುತ್ತದೆ. ಭತ್ತದ ಹೊಟ್ಟನ್ನು ಬೆರೆಸಿ ಇದನ್ನು ನಿವಾರಿಸಬಹುದು. ರಾಗಿಯ ಪಿಷ್ಟ ಮೆತ್ತಗಾಗಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು, ಆ ಬಿಸಿಯಲ್ಲಿ ಕಿಣ್ವಗಳು ಸೋಲುತ್ತವೆ; ಆದ್ದರಿಂದ ಎರಡು ಹಂತಗಳಲ್ಲಿ ಬೇಯಿಸಬೇಕು. ಆದರೆ ಸಿರಿಧಾನ್ಯಗಳ ಪೈಕಿ ಮೊಳಕೆಯೊಡೆದಾಗ ಒಳ್ಳೆಯ ಕಿಣ್ವಶಕ್ತಿ ತೋರುವುದು ರಾಗಿ ಎಂಬುದನ್ನು ಮನೆಯ ಅಜ್ಜಿಯರೂ, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳೂ ತಮ್ಮ ತಮ್ಮ ರೀತಿಯಲ್ಲಿ ಬಲ್ಲರು. ಜರ್ಮನಿಯ ಮಾಲ್ಟು, ಅಮೆರಿಕದ ಹಾಪ್ಸು ತರಿಸಲು ಶ್ರಮಪಡುವ ಬ್ರೂವರಿಗಳು ಮಾಗಡಿ, ಕನಕಪುರ, ತುಮಕೂರಿನ ರಾಗಿಯನ್ನು ಹಬ್ಬದ ವಾರಕ್ಕೆ ಮಾತ್ರ ನೆನೆಯದೆ ವರ್ಷವಿಡೀ ಟ್ಯಾಪಿನಲ್ಲಿಡುವ ಒಂದು ಗಂಭೀರ ಬಿಯರಾಗಿ ರೂಪಿಸಿದರೆ, ಹೋ ಚಿ ಮಿನ್ ನಗರಕ್ಕೆ ಮಲ್ಲಿಗೆಯಿಂದ ಬಂದ ಹೆಸರು ಬೆಂಗಳೂರಿಗೆ ರಾಗಿಯಿಂದ ಬರಬಹುದು. ಬಳಸಿ ಉಳಿದ ಕಾಳು ಈಗಲೂ ಬಿಯರ್ ವೇಸ್ಟ್ ಎಂಬ ಹೆಸರಿನಲ್ಲಿ ಸುತ್ತಲಿನ ಹೈನುಗಾರರ ಹಸುಗಳಿಗೆ ಮೇವಾಗುತ್ತಿದೆ. ಹಳ್ಳಿಯಿಂದ ಬ್ರೂವರಿಗೆ ಬರುವ ದಾರಿಯಲ್ಲಿಯೂ ಏನಾದರೂ ಸಾಗಬೇಕಲ್ಲವೇ.

ಪೇಟೆಯಿಂದ ಹೊರಡುವವರಿಗೆ ಸ್ವಂತ ಗಾಡಿಗಿಂತ ಮೆಟ್ರೊ ಲೇಸು. ಚಿಕ್ಕಪೇಟೆ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಮುಂದಿನದೇ ಮೆಜೆಸ್ಟಿಕ್. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಎಂ.ಜಿ. ರಸ್ತೆ, ಇಂದಿರಾನಗರಗಳಿಗೂ ವೈಟ್‌ಫೀಲ್ಡಿಗೂ ಹೋಗಬಹುದು, ಚಿಕ್ಕಪೇಟೆಯಿಂದಲೇ ಹಸಿರು ಮಾರ್ಗದಲ್ಲಿ ದಕ್ಷಿಣಕ್ಕೆ ಹೋದರೆ ಜೆ.ಪಿ. ನಗರ. ಬಿಯರ್ ಲಘುವಾದುದೆಂಬ ನಂಬಿಕೆಯಿಂದ ಗಾಡಿ ಓಡಿಸುವವರು ಒಂದು ಲೆಕ್ಕ ತಿಳಿದಿರಬೇಕು: ಶೇ. 5ರ ಬಿಯರಿನ ಅರ್ಧ ಲೀಟರಿನಲ್ಲಿ 25 ಮಿಲಿಲೀಟರ್ ಶುದ್ಧ ಮದ್ಯಸಾರವಿರುತ್ತದೆ, ಶೇ. 42.8ರ ವಿಸ್ಕಿಯ 60 ಮಿಲಿಲೀಟರಿನಲ್ಲಿ ಇರುವುದೂ ಹೆಚ್ಚು ಕಡಿಮೆ ಅಷ್ಟೇ. ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಎರಡು ದೊಡ್ಡ ಗ್ಲಾಸು ಮುಗಿಸಿದವರಲ್ಲಿ ಹೆಚ್ಚಿನವರು ಅದನ್ನು ದಾಟಿರುತ್ತಾರೆ. 21 ವರ್ಷ ತುಂಬದವರಿಗೆ ಮದ್ಯ ಮಾರಬಾರದೆಂಬುದು ರಾಜ್ಯದ ನಿಯಮ.

ಬ್ರೂವರಿಗಳವರಲ್ಲಿ ಒಂದು ವಿನಂತಿ. ಪ್ರತಿ ಬಿಯರಿನ ಹೆಸರಿನ ಪಕ್ಕದಲ್ಲಿ ಅದನ್ನು ಕುದಿಸಿದ ದಿನ, ಟ್ಯಾಪಿಗೆ ಹಾಕಿದ ದಿನ, ಬಳಸಿದ ಧಾನ್ಯ ಮತ್ತು ತಯಾರಿಸಿದವರ ಹೆಸರನ್ನು ಕನ್ನಡದಲ್ಲಿಯೂ ಬರೆಯಬೇಕು. ಅದಕ್ಕೆ ಬೇಕಾದುದು ಒಂದು ತುಂಡು ಸೀಮೆಸುಣ್ಣ ಮಾತ್ರ. ಬರೆಯದಿದ್ದಲ್ಲಿ, ಗ್ಲಾಸು ತರಿಸುವ ಮೊದಲು ಓದುಗರೇ ಆ ದಿನಾಂಕವನ್ನು ಕೇಳಬೇಕು.